ಟೈಮ್‌ಟೇಬಲ್ ನನ್ನ ಹತ್ತಿರವೂ ಇತ್ತು

ಮೂರೂವರೆ ವರ್ಷದ ಮಗನಿಗೆ ಮನೆಕೆಲಸದ ಜೊತೆಯಲ್ಲೇ ಎಣಿಕೆ, ಬಣ್ಣ, ಅಕ್ಷರ ಕಲಿಸೋಕೆ ಒಂದು ಟೈಮ್‌ಟೇಬಲ್ ಇದ್ದರೆ ಕೊಡಿ ಅಂತ ಕೇಳಿದ್ದೀರಿ. ನನ್ನ ಹತ್ತಿರ ಇತ್ತು. ಎಕ್ಸೆಲ್‌ನಲ್ಲಿ ಮಾಡಿ, ಪ್ರಿಂಟ್ ತೆಗೆದು, ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಹಲ್ಲುಜ್ಜುವಾಗ ಎಣಿಕೆ, ಬಟ್ಟೆ ಹಾಕುವಾಗ ಬಣ್ಣ, ತಿಂಡಿ ಹೊತ್ತಿಗೆ ಆಕಾರ (ದೋಸೆ ದುಂಡಗೆ, ಬ್ರೆಡ್ಡು ಚೌಕ), ಸಂಜೆ ತರಕಾರಿ ಹೆಸರು. ಪಕ್ಕದಲ್ಲಿ ಟಿಕ್ ಹಾಕೋಕೆ ಒಂದು ಕಾಲಂ. ಮಗಳಿಗೆ ಆಗ ನಿಮ್ಮ ಮಗನದೇ ವಯಸ್ಸು.

ಮೊದಲು ತಪ್ಪು ಚಾರ್ಟಿನದು ಅಂದುಕೊಂಡಿದ್ದೆ. ಅಲ್ಲ, ತಪ್ಪು ನನ್ನ ಬಾಯಿಯದು. ಬಾಯಿ ತೆಗೆದರೆ ಪ್ರಶ್ನೆ. ಅದೂ ಉತ್ತರ ನನಗೆ ಮೊದಲೇ ಗೊತ್ತಿರೋ ಪ್ರಶ್ನೆ. ಟೊಮ್ಯಾಟೊ ಕೈಗೆ ಕೊಟ್ಟು "ಇದು ಯಾವ ಬಣ್ಣ?" ಅಂತೀನಿ. ಟೊಮ್ಯಾಟೊ ಬಣ್ಣ ನನಗೆ ಗೊತ್ತಿಲ್ವಾ? ಗೊತ್ತಿದೆ ಅನ್ನೋದು ಅವಳಿಗೂ ಗೊತ್ತು. ಅಂದಮೇಲೆ ಇದು ಮಾತುಕತೆ ಅಲ್ಲ, ಪರೀಕ್ಷೆ. "ಪಿಂಕು" ಅಂದರೆ ನಾನು "ಅಲ್ಲ ಪುಟ್ಟಿ, ಕೆಂಪು" ಅಂತ ತಿದ್ದುತ್ತಿದ್ದೆ, ನಯವಾಗಿಯೇ, ಬೈದಿದ್ದೇನೂ ಇಲ್ಲ. ಅದಕ್ಕೇ ಇದರಲ್ಲಿ ತಪ್ಪಿದೆ ಅಂತ ನನಗೆ ಹೊಳೆಯಲೇ ಇಲ್ಲ. ಬಟಾಣಿ ಬಿಡಿಸೋಕೆ ಕೂತವಳನ್ನ "ಇದರಲ್ಲಿ ಎಷ್ಟು ಕಾಳಿದೆ?" ಅಂತ ಕೇಳಿದೆ. ಮೆಟ್ಟಿಲು ಹತ್ತುವಾಗ ಕೇಳಿದೆ. ಚಪ್ಪಲಿ ಹಾಕಿಕೊಳ್ಳುವಾಗ ಎಡ ಯಾವುದು, ಬಲ ಯಾವುದು ಅಂತ ಕೇಳಿದೆ. ಒಂದು ತಿಂಗಳಲ್ಲಿ ಎಲ್ಲದಕ್ಕೂ ಒಂದೇ ಉತ್ತರ ಬರೋಕೆ ಶುರುವಾಯ್ತು, "ಗೊತ್ತಿಲ್ಲ". ಹಿಂದಿನ ದಿನ ಸರಿಯಾಗಿ ಹೇಳಿದ್ದಕ್ಕೂ "ಗೊತ್ತಿಲ್ಲ". ಮಕ್ಕಳು ದಡ್ಡರಲ್ಲ ಸ್ವಾಮಿ. ತಪ್ಪು ಹೇಳಿ ತಿದ್ದಿಸಿಕೊಳ್ಳೋದಕ್ಕಿಂತ ಹೇಳದೇ ಇರೋದೇ ಸುಖ ಅಂತ ಅವಳು ಕಂಡುಕೊಂಡಿದ್ದಳು. ಆಮೇಲೆ ಅಡುಗೆಮನೆಗೆ ಬರೋದೇ ಬಿಟ್ಟಳು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಮೊದಲು ಅವಳೇ ನನ್ನ ತಲೆ ತಿನ್ನುತ್ತಿದ್ದಳು. ಈರುಳ್ಳಿ ಯಾಕೆ ಅಳಿಸುತ್ತೆ, ಸಾಸಿವೆ ಯಾಕೆ ಹಾರುತ್ತೆ, ಹಾಲು ಯಾಕೆ ಮೇಲೆ ಬರುತ್ತೆ. ಅದು ನಿಂತುಹೋಗಿತ್ತು. ಯಾವತ್ತು ನಿಂತಿತು ಅಂತ ನನಗೆ ನೆನಪಿಲ್ಲ, ನಾನು ಟಿಕ್ ಹಾಕೋದರಲ್ಲಿ ಬಿಜಿ.

ಅದೇ ಡಿಸೆಂಬರ್‌ನಲ್ಲಿ ನಮ್ಮಮ್ಮ ಬಂದರು. ಅಮ್ಮ ತಿ. ನರಸೀಪುರದ ಕಡೆ ಅಂಗನವಾಡಿ ಟೀಚರ್ ಆಗಿದ್ದವರು. ರಾಜ್ಯದಲ್ಲಿ ಅಂಗನವಾಡಿಗಳು 1975ರಲ್ಲಿ ಮೊದಲು ಶುರುವಾಗಿದ್ದೇ ಆ ತಾಲೂಕಿನಲ್ಲಿ ಅಂತ ಅವರಿಗೆ ಸ್ವಲ್ಪ ಜಂಬ. ಚಾರ್ಟ್ ನೋಡಿ ಏನೂ ಅನ್ನಲಿಲ್ಲ. ನಾನೇ ಮಗಳನ್ನ ಕರೆದು ಒಂದರಿಂದ ಐವತ್ತರವರೆಗೆ ಹೇಳಿಸಿದೆ. ಗಡಗಡ ಹೇಳಿದಳು. ಅಮ್ಮ "ಹೌದಾ, ಊಟಕ್ಕೆ ನಾಲ್ಕು ತಟ್ಟೆ ತಗೊಂಡು ಬಾ ಕಂದ" ಅಂದರು. ಅವಳು ತಬ್ಬಿಕೊಳ್ಳೋಕೆ ಆಗುವಷ್ಟು ತಟ್ಟೆ ತಂದಳು, ಏಳೋ ಎಂಟೋ ಇತ್ತು.

ಅಮ್ಮ ತಿದ್ದಲಿಲ್ಲ. "ಎಲ್ಲರಿಗೂ ಒಂದೊಂದು ಇಡು" ಅಂದರು ಅಷ್ಟೇ. ಅಜ್ಜಿಗೆ, ಅಪ್ಪಂಗೆ, ಅಮ್ಮಂಗೆ, ನಂಗೆ. ಕೈಯಲ್ಲಿ ಇನ್ನೂ ಉಳಿದಿದ್ದವು. ನೋಡಿದಳು, ನಮ್ಮ ಮುಖಗಳನ್ನ ಇನ್ನೊಂದು ಸಲ ನೋಡಿದಳು, ಉಳಿದಿದ್ದನ್ನ ವಾಪಸ್ ಸ್ಟ್ಯಾಂಡಿಗೆ ಇಟ್ಟು ಬಂದಳು. ಐವತ್ತರವರೆಗೆ ಹೇಳೋದು ಹಾಡು ಹೇಳಿದ ಹಾಗೆ. ಒಂದು ವಸ್ತುವಿಗೆ ಒಂದೇ ಅಂಕಿ, ಕೊನೆಗೆ ಬಂದ ಅಂಕಿಯೇ ಒಟ್ಟು ಎಷ್ಟು ಅನ್ನೋದು, ಅದು ಬೇರೆಯೇ ವಿದ್ಯೆ. ತಟ್ಟೆ ಉಳಿದಾಗ ಅದು ಬರುತ್ತೆ.

ಅಮ್ಮ ಇದ್ದ ಎರಡು ತಿಂಗಳು ಪ್ರಶ್ನೆಯೇ ಇಲ್ಲ, ಬರೀ ಕೆಲಸ. ಇಡ್ಲಿ ತಟ್ಟೆಯ ಒಂದೊಂದು ಗುಳಿಗೂ ಎಣ್ಣೆ ಸವರೋ ಕೆಲಸ ಇವಳದು. ಬಿಟ್ಟುಹೋದ ಗುಳಿಯಲ್ಲಿ ಇಡ್ಲಿ ಅಂಟಿಕೊಳ್ತಿತ್ತು, ತಿದ್ದೋಕೆ ನಾನು ಬೇಕಾಗಲಿಲ್ಲ. ಅನ್ನಕ್ಕಿಡುವಾಗ ಅಮ್ಮ ತಮ್ಮಷ್ಟಕ್ಕೆ "ಅಕ್ಕಿ ಒಂದು ಪಾವು, ನೀರು ಎರಡು ಪಾವು" ಅಂತ ಹೇಳಿಕೊಳ್ತಿದ್ದರು. ಒಂದು ವಾರಕ್ಕೆ ಇವಳೂ ಮರಳಾಟದಲ್ಲಿ ಅದನ್ನೇ ಹೇಳೋಕೆ ಶುರು ಮಾಡಿದಳು.

ಅವರೆಕಾಯಿ ಕಾಲ ಬೇರೆ. ಹಿತಕಿದ ಬೇಳೆ ಸಾರಿಗೆ ರಾತ್ರಿ ನೆನೆಹಾಕಿದ ಕಾಳನ್ನ ಬೆಳಿಗ್ಗೆ ಇಬ್ಬರೂ ಕೂತು ಹಿತುಕುತ್ತಿದ್ದರು. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಕಾಳು ಹಿಡಿದು ಮೆಲ್ಲಗೆ ಒತ್ತಬೇಕು. ಜಾಸ್ತಿ ಒತ್ತಿದರೆ ಬೇಳೆ ಹಾರಿ ಅಜ್ಜಿ ಕನ್ನಡಕಕ್ಕೆ, ಕಡಿಮೆ ಒತ್ತಿದರೆ ಸಿಪ್ಪೆಯೊಳಗೇ. ಪೆನ್ಸಿಲ್ ಹಿಡಿಯೋಕೂ ಅದೇ ಬೆರಳು, ಅದೇ ಹದ. ನಾನು ದುಡ್ಡು ಕೊಟ್ಟು ತಂದಿದ್ದ ಗೆರೆ ತಿದ್ದೋ ಪುಸ್ತಕ ಇನ್ನೂ ಕಪಾಟಿನಲ್ಲೇ ಇದೆ, ಬೇಕಿದ್ದರೆ ತಗೊಂಡು ಹೋಗಿ.

ಆಟ ಆಡಿಸಿ, ಮಾತಾಡಿಸಿ ಕಲಿಸಿ ಅಂತಲೇ 2020ರ ಶಿಕ್ಷಣ ನೀತಿಯೂ ಹೇಳುತ್ತೆ, ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅಂತ ಇಟ್ಟಿದ್ದಾರೆ. ಅಮ್ಮನಿಗೆ ಓದಿ ಹೇಳಿದರೆ "ಇದಕ್ಕೆ ದಿಲ್ಲಿಯಿಂದ ಪುಸ್ತಕ ಬರಬೇಕಿತ್ತಾ" ಅಂದರು.

ಹಾಗಾಗಿ ಎಲ್‌ಕೆಜಿ ಸೇರೋಕೆ ಮುಂಚೆ ನೂರರವರೆಗೆ ಬರಬೇಕು ಅನ್ನೋ ನಿಮ್ಮ ಗಾಬರಿ ನನಗೆ ಒಪ್ಪಿಗೆ ಇಲ್ಲ. ಯಾವ ಆ್ಯಪ್ ಒಳ್ಳೇದು ಅನ್ನೋ ಪ್ರಶ್ನೆಗೆ ಉತ್ತರ ಕೊಡೋದೂ ಇಲ್ಲ. ಅಕ್ಷರಕ್ಕೆ ಅವಸರ ಬೇಡ, ಇವಳು ಮೊದಲು ಗುರುತಿಸಿದ್ದು ನಂದಿನಿ ಹಾಲಿನ ಪ್ಯಾಕೆಟ್ಟಿನ "ನಂ", ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರೂ ಕೆಲಸಕ್ಕೆ ಹೋಗ್ತೀವಿ, ಟೈಮಿಲ್ಲ ಅಂದಿದ್ದೀರಿ. ನಿಜ, ಮಗು ಕೈ ಹಾಕಿದರೆ ಹತ್ತು ನಿಮಿಷದ ಕೆಲಸ ಅರ್ಧ ಗಂಟೆ ಆಗುತ್ತೆ. ಅದಕ್ಕೇ ವಾರದ ದಿನಗಳಲ್ಲಿ ಒಂದೇ ಕೆಲಸ ಕೊಡಿ, ಆದರೆ ದಿನಾ ಅವನದೇ ಆಗಿರಲಿ. ಸುಮ್ನೆ ಆಡೋಕೆ ಅಂತ ಕೊಟ್ಟ ಕೆಲಸ ಅಲ್ಲ. ಅವನು ಮಾಡದಿದ್ದರೆ ಮನೆಯಲ್ಲಿ ನಿಂತುಹೋಗೋ ಕೆಲಸ. ನಮ್ಮನೆಯಲ್ಲಿ ಅದು ರಾತ್ರಿ ತಟ್ಟೆ ಲೋಟ ಇಡೋದು. ಕಾಳು ಕೊಟ್ಟರೆ ಮಾತ್ರ ಪಕ್ಕದಲ್ಲೇ ಕೂತಿರಿ, ಈ ವಯಸ್ಸಿನವರು ಮೂಗಿಗೆ ಹಾಕಿಕೊಳ್ತಾರೆ.

ಚಾರ್ಟ್ ಕಿತ್ತ ಮೇಲೂ ಅವಳು ಮತ್ತೆ ಕೇಳೋಕೆ ಶುರು ಮಾಡಲು ಮೂರು ತಿಂಗಳು ಹಿಡಿಯಿತು. ಒಂದು ಭಾನುವಾರ ಚಪಾತಿ ಲಟ್ಟಿಸುತ್ತಿದ್ದೆ. ಬಂದು ನಿಂತು, "ಅಪ್ಪಾ, ನಿಂದು ಯಾಕೆ ದುಂಡಗೆ ಬರಲ್ಲ?" ಅಂದಳು.