‘ಎಲ್ಲರೂ ಹಾಕುತ್ತಾರಮ್ಮ, ತಮಾಷೆಗೆ’

ಪ್ರಶ್ನೆ: ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ, ಹಾಸ್ಟೆಲ್‌ನಲ್ಲಿರುತ್ತಾನೆ. ಸಹಪಾಠಿ ಹುಡುಗಿಯ ಫೋಟೊವನ್ನು ವಿಕಾರಗೊಳಿಸಿ, ಸ್ಟಿಕರ್ ಮಾಡಿ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾನೆ. ಅವಳು ಕಾಲೇಜಿಗೆ ಬರುವುದನ್ನೇ ಬಿಟ್ಟಿದ್ದಾಳಂತೆ. ಕೇಳಿದರೆ, ‘ಎಲ್ಲರೂ ಹಾಕುತ್ತಾರಮ್ಮ, ತಮಾಷೆಗೆ’ ಎನ್ನುತ್ತಾನೆ. ಮನೆಯಲ್ಲಿ ಎದುರುತ್ತರ ಕೊಡದ ಹುಡುಗನಿಗೆ ಇಷ್ಟು ಕ್ರೌರ್ಯ ಎಲ್ಲಿಂದ ಬಂತು?
– ಹೆಸರು ಬೇಡ, ಹಾವೇರಿ

ಉತ್ತರ: ನಿಮ್ಮ ಮಗ ಹುಟ್ಟಾ ಕ್ರೂರಿ ಎಂದು ನನಗನಿಸುವುದಿಲ್ಲ. ಆದರೆ ಅವನು ಮಾಡಿದ್ದು ಕ್ರೌರ್ಯವೇ. ಈ ಎರಡನ್ನೂ ನೀವು ಒಟ್ಟಿಗೆ ಒಪ್ಪಿಕೊಳ್ಳಬೇಕು.

ಅವನ ಉತ್ತರವನ್ನೇ ಗಮನಿಸಿ. ‘ತಮಾಷೆಗೆ’ ಎಂದಾಗ ನೋವು ನೋವಲ್ಲದಂತಾಯಿತು. ‘ಎಲ್ಲರೂ’ ಎಂದಾಗ ತಪ್ಪು ಯಾರದ್ದೂ ಅಲ್ಲದಂತಾಯಿತು. ಮನಸ್ಸಾಕ್ಷಿಯನ್ನು ಹೀಗೆ ಬದಿಗೆ ಸರಿಸುವ ಬಗೆಯನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ವಿವರವಾಗಿ ಗುರುತಿಸಿದ್ದಾರೆ. ಒಳ್ಳೆಯವರೆನಿಸಿಕೊಂಡವರೂ ಇದನ್ನು ಮಾಡುತ್ತಾರೆ.

ಇದಕ್ಕೆ ಪರದೆಯ ಮರೆಯೂ ಸೇರುತ್ತದೆ. ಆನ್‌ಲೈನ್‌ನಲ್ಲಿ ನಮ್ಮ ಅಂಕೆ ಸಡಿಲವಾಗುವ ಬಗ್ಗೆ ಮನೋವಿಜ್ಞಾನಿ ಜಾನ್ ಸುಲರ್ 2004ರಲ್ಲಿ ಬರೆದರು. ಅದೇ ತಮಾಷೆಯನ್ನು ತರಗತಿಯಲ್ಲಿ ಅವಳೆದುರೇ ಮಾಡಿದ್ದರೆ ಅವಳ ತುಟಿ ನಡುಗುವುದು, ಕಣ್ಣು ತುಂಬುವುದು ಅವನಿಗೆ ಕಾಣುತ್ತಿತ್ತು. ಬಹುಶಃ ಅಲ್ಲೇ ನಿಲ್ಲಿಸುತ್ತಿದ್ದ. ಮೊಬೈಲ್‌ನಲ್ಲಿ ಕಂಡದ್ದು ಸಾಲುಸಾಲು ನಗುವ ಇಮೋಜಿಗಳು ಮಾತ್ರ. ಹಾಸ್ಟೆಲ್‌ನಲ್ಲಿ ಗುರುತಿಸಿಕೊಳ್ಳಲು ಹಂಬಲಿಸುವ ಹುಡುಗನಿಗೆ ಆ ನಗು ಬಹುಮಾನವಿದ್ದಂತೆ. ನಗದಿದ್ದರೆ ನಾಳೆ ತನ್ನದೇ ಸ್ಟಿಕರ್ ಬರಬಹುದೆಂಬ ಭಯ ಉಳಿದವರಿಗೆ.

ಮೊದಲ ವರ್ಷದಲ್ಲಿ ಅವನನ್ನು ಯಾರಾದರೂ ಹೀಗೆ ಗೋಳು ಹೊಯ್ದುಕೊಂಡಿದ್ದರೇ ಎಂದು ನಿಧಾನವಾಗಿ ಕೇಳಿ. ಪೀಡನೆ ಅನುಭವಿಸಿದವರೇ ಪೀಡಕರಾಗುವುದನ್ನು ನಾವು ಕಾಣುತ್ತಿರುತ್ತೇವೆ. ಹೌದೆಂದರೆ ಸಮಾಧಾನ ಹೇಳಿ, ವಿನಾಯಿತಿ ಕೊಡಬೇಡಿ.

ಮೊಬೈಲ್ ಕಿತ್ತುಕೊಂಡರೆ ಸಿಕ್ಕಿಬಿದ್ದೆನೆಂಬ ಸಿಟ್ಟಷ್ಟೇ ಉಳಿಯುತ್ತದೆ. ಬದಲಿಗೆ, ಆ ದಿನ ಗುಂಪು ತೆರೆದಾಗ ಅವಳಿಗೆ ಏನೇನು ಕಂಡಿತು, ಯಾರ್‍ಯಾರು ನಕ್ಕಿದ್ದರು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ. ಆ ಸ್ಟಿಕರ್ ಈಗ ಹಲವರ ಫೋನಿನಲ್ಲಿದೆ. ತಾನು ಮಾಡಿದ್ದು ತಪ್ಪು, ಯಾರೂ ಅದನ್ನು ಮುಂದೆ ಕಳಿಸಬೇಡಿ ಎಂದು ಅದೇ ಗುಂಪಿನಲ್ಲಿ ಅವನೇ ಬರೆಯಲಿ. ಅವನನ್ನು ಕರೆದುಕೊಂಡು ಪ್ರಾಂಶುಪಾಲರ ಬಳಿಗೂ ಹೋಗಿ.

ಕ್ಷಮೆ ಕೇಳುವ ನೆಪದಲ್ಲಿ ಅವಳ ಮನೆಗೆ ಮಾತ್ರ ಹೋಗಬೇಡಿ. ಅವಳು ಪೊಲೀಸರಿಗೆ ದೂರು ಕೊಟ್ಟರೆ, ಹಿಂಪಡೆಯುವಂತೆ ಒತ್ತಾಯಿಸಬೇಡಿ. ಅದು ಅವಳ ಹಕ್ಕು. ಇದೆಲ್ಲದರ ನಡುವೆ ನಿಮಗೋ ಮಗನಿಗೋ ಮಾತನಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.