ಶಿಕ್ಷೆಯಾದದ್ದು ಸುಳ್ಳು ಸಾಕ್ಷ್ಯಕ್ಕೆ

1950ರ ದಶಕದ ಅಮೆರಿಕದ ಟಿವಿ ಕ್ವಿಜ್ ‘ಟ್ವೆಂಟಿ ಒನ್’ನಲ್ಲಿ ಮೊದಲೇ ಉತ್ತರ ಪಡೆದಿದ್ದ ಸ್ಪರ್ಧಿ ಚಾರ್ಲ್ಸ್ ವ್ಯಾನ್ ಡೋರನ್ ಜೈಲಿಗೆ ಹೋದರೇ ಎಂದು ಕೇಳಿದ್ದೀರಿ. ಇಲ್ಲ. ಆಗ ಅಮೆರಿಕದಲ್ಲಿ ಕ್ವಿಜ್ ಫಲಿತಾಂಶವನ್ನು ಮೊದಲೇ ನಿರ್ಧರಿಸುವುದು ಅಪರಾಧವೇ ಆಗಿರಲಿಲ್ಲ; ನಿಷೇಧದ ಕಾನೂನು ಬಂದದ್ದು 1960ರಲ್ಲಿ. ಮೊಕದ್ದಮೆ ಹೂಡಬೇಕೇ ಎಂದು ವಿಚಾರಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿಯ ಮುಂದೆ ಸುಳ್ಳು ಹೇಳಿದ್ದನ್ನು ಅವರು 1962ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು, ಶಿಕ್ಷೆ ಅಮಾನತಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕೆಲಸ ಮಾತ್ರ ಅದಕ್ಕೂ ಮೊದಲೇ ಹೋಗಿತ್ತು.

ನನ್ನನ್ನು ಹೆಚ್ಚು ಕಾಡುವವರು ಅವರೆದುರು ಸೋತ ಹರ್ಬರ್ಟ್ ಸ್ಟೆಂಪೆಲ್. 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಎಂಬ ಪ್ರಶ್ನೆಗೆ ಬೇಕೆಂದೇ ತಪ್ಪು ಹೇಳುವಂತೆ ನಿರ್ಮಾಪಕರು ಅವರಿಗೆ ತಾಕೀತು ಮಾಡಿದ್ದರು. ಸರಿಯುತ್ತರ ‘ಮಾರ್ಟಿ’, ಅವರ ಮೆಚ್ಚಿನ ಚಿತ್ರ! ನಾಲಿಗೆಯ ತುದಿಯಲ್ಲಿದ್ದದ್ದನ್ನು ನುಂಗಿಕೊಂಡರು. ಮುಂದೆ ಸತ್ಯ ಹೇಳಹೊರಟಾಗ, ಸೋತವನ ಹೊಟ್ಟೆಕಿಚ್ಚು ಎಂದು ಅದನ್ನು ತಳ್ಳಿಹಾಕಲಾಯಿತು. ಎಂಥ ಅನ್ಯಾಯ!