ಸರ ಅಡ ಇಟ್ಟು ಕಾರ್ಡ್ ಸಾಲ ತೀರಿಸಲಾ? – ಸಂಪಾದಕರ ಉತ್ತರ

ಹಾಸನದ ಓದುಗರೊಬ್ಬರು ಬರೆದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ. ದೊಡ್ಡ ಪತ್ರ, ಮುಖ್ಯವಾದಷ್ಟನ್ನು ಮಾತ್ರ ಇಲ್ಲಿ ಕೊಟ್ಟಿದ್ದೇವೆ.

"ನಮ್ಮ ಯಜಮಾನರು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸಂಬಳ 22,000. ನಾನು ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ ಎಂಟೊಂಬತ್ತು ಸಾವಿರ ದುಡಿಯುತ್ತೇನೆ. ಬಾಡಿಗೆ ಮನೆ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಎರಡು ವರ್ಷದ ಹಿಂದೆ ಅತ್ತೆಯ ಆಪರೇಷನ್‌ಗೆ ಇವರು ಎರಡು ಕ್ರೆಡಿಟ್ ಕಾರ್ಡ್ ಉಜ್ಜಿದರು. ನನಗೆ ಹೇಳಿರಲಿಲ್ಲ. ಈಗ ಒಂದರಲ್ಲಿ 78,000, ಇನ್ನೊಂದರಲ್ಲಿ 42,000 ಬಾಕಿ. ಎರಡಕ್ಕೂ ಸೇರಿ ತಿಂಗಳಿಗೆ 6,000 ತಪ್ಪದೆ ಕಟ್ಟುತ್ತಿದ್ದಾರೆ. ಆದರೂ ಬಾಕಿ ಇದ್ದಲ್ಲೇ ಇದೆ. ಒಂದು ತಿಂಗಳು ತಡವಾಗಿದ್ದಕ್ಕೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಪೊಲೀಸ್ ಕಳಿಸುತ್ತೇವೆ ಎಂದರು. ನನ್ನ ಅಣ್ಣನಿಗೂ ಫೋನ್ ಮಾಡಿದ್ದಾರೆ. ನನ್ನ ಹತ್ತಿರ 24 ಗ್ರಾಂ ಸರ ಇದೆ. ಅಡ ಇಡುವುದಾ, ಮಾರುವುದಾ? ಅಡ ಇಟ್ಟರೆ ಜನ ಏನಂತಾರೆ ಅಂತ ಇವರು ಒಪ್ಪುತ್ತಿಲ್ಲ. ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವ ಹಾಗಿಲ್ಲ, ಕೋರ್ಟ್ ಆದೇಶ ಇದೆ ಅಂತ ಅಣ್ಣ ಹೇಳ್ತಾನೆ. ನಿಜವಾ?"

ತಾಯಿ, ಮೊದಲು ಪೊಲೀಸ್ ವಿಷಯ. ಅದೇ ನಿಮ್ಮ ನಿದ್ದೆ ಕೆಡಿಸಿರುವುದು ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಕಾರ್ಡ್ ಬಾಕಿ ಕಟ್ಟಲಾಗಲಿಲ್ಲ ಎಂಬುದೊಂದೇ ಕಾರಣಕ್ಕೆ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ. ಅದು ಸಿವಿಲ್ ವಿಷಯ. ಬ್ಯಾಂಕಿನವರು ಸಿವಿಲ್ ಕೋರ್ಟಿಗೆ ಹೋಗಬಹುದು, ಅಷ್ಟೆ. ಒಂದು ಎಚ್ಚರಿಕೆ ಮಾತ್ರ ಬೇಕು. ಸಾಲಕ್ಕೆಂದು ಕೊಟ್ಟ ಚೆಕ್ ಬೌನ್ಸ್ ಆದರೆ, ಅಥವಾ ಖಾತೆಯಿಂದ ತಾನಾಗಿ ಕಡಿತ ಆಗಬೇಕಾದ ಹಣ ದುಡ್ಡಿಲ್ಲದೆ ವಾಪಸ್ ಹೋದರೆ ಅದು ಬೇರೆ ಕೇಸು, ಅದಕ್ಕೆ ಶಿಕ್ಷೆ ಇದೆ. ಯಾರಾದರೂ ಮನೆಗೆ ಬಂದು "ಒಂದು ಚೆಕ್ ಬರೆದು ಕೊಡಿ, ಸುಮ್ನೆ ಭದ್ರತೆಗೆ" ಎಂದರೆ ಕೊಡಬೇಡಿ.

ರಾತ್ರಿ ಒಂಬತ್ತರ ಫೋನ್ ತಪ್ಪು. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ಬೆದರಿಸುವುದು, ನೆಂಟರಿಷ್ಟರ ಮುಂದೆ ಮಾನ ಕಳೆಯುವುದು, ಇವಕ್ಕೂ ಅವಕಾಶ ಇಲ್ಲ. ನಿಮ್ಮ ಅಣ್ಣ ಜಾಮೀನು ಹಾಕಿಲ್ಲ, ಸಹಿ ಮಾಡಿಲ್ಲ. ಅವರಿಗೆ ಫೋನ್ ಮಾಡಿ ಸಾಲದ ಮಾತೆತ್ತುವುದು ಯಾಕೆ? ಫೋನ್ ಬಂದ ದಿನ, ಸಮಯ, ನಂಬರ್ ಬರೆದಿಡಿ. ಸಾಧ್ಯವಾದರೆ ರೆಕಾರ್ಡ್ ಮಾಡಿಕೊಳ್ಳಿ. ಬ್ಯಾಂಕಿಗೆ ಇಮೇಲ್‌ನಲ್ಲಿ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರಲಿಲ್ಲ, ಬಂದರೂ ಸಮಾಧಾನ ಆಗಲಿಲ್ಲ ಎಂದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಹೇಗೆ ಅಂತ ತಿಳಿಯಲು 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಅಣ್ಣ ಹೇಳಿದ ಆದೇಶ ಸುಳ್ಳಲ್ಲ, ಹಳೆಯದು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡ್ ಬಾಕಿಗೆ ವರ್ಷಕ್ಕೆ ಶೇ 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯ ಎಂದಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ಆ ದಾರಿ ಈಗ ಇಲ್ಲ. ನನಗೆ ಇದರ ಬಗ್ಗೆ ಬೇಜಾರಿದೆ. ಆದರೆ ಇಲ್ಲದ ಆದೇಶ ನಂಬಿಕೊಂಡು ನೀವು ಕಾಯಬಾರದು.

ಈಗ ಲೆಕ್ಕ. ನೀವು ಕಳಿಸಿದ ಬಿಲ್ಲುಗಳನ್ನು ಎದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಎರಡೂ ಕಾರ್ಡ್ ಸೇರಿ ಬಾಕಿ 1,20,000. ನೀವು ಕಟ್ಟುತ್ತಿರುವ 6,000 ಅಂದರೆ ಅದರ ಶೇ 5, ಬಿಲ್ಲಿನಲ್ಲಿ ಮಿನಿಮಮ್ ಡ್ಯೂ (ಆ ತಿಂಗಳು ಕನಿಷ್ಠ ಕಟ್ಟಲೇಬೇಕಾದದ್ದು) ಎಂದು ಬರೆದಿರುವ ಮೊತ್ತ. ಕಟ್ಟಿದ ಮೇಲೆ ಉಳಿದದ್ದು 1,14,000. ಅದಕ್ಕೆ ತಿಂಗಳಿಗೆ ಶೇ 3.5 (ವರ್ಷಕ್ಕೆ ಶೇ 42) ಬಡ್ಡಿ, ಅಂದರೆ 3,990. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 718. ಮುಂದಿನ ಬಿಲ್ ಬರುವುದು 1,18,708ಕ್ಕೆ. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ನೂರಿನ್ನೂರು ಹೆಚ್ಚುಕಡಿಮೆ ಆಗಬಹುದು. ಒಟ್ಟಿನಲ್ಲಿ 6,000 ಕೊಟ್ಟಿರಿ, ಸಾಲ ಇಳಿದಿದ್ದು ಸುಮಾರು 1,300.

ಅದೇ ತಿಂಗಳ ಬಿಲ್ಲಿನಲ್ಲಿ ಇನ್ನೂ ಎರಡು ಸಾಲು ನೋಡಿ. ಮೊಬೈಲ್ ರೀಚಾರ್ಜ್ 299, ದಿನಸಿ ಅಂಗಡಿ 1,140. ಆ ತಿಂಗಳು ಇಳಿದಷ್ಟನ್ನೂ ಈ ಎರಡೇ ತಿಂದುಹಾಕಿವೆ. "ಹೊಸದಾಗಿ ತಗೊಂಡಿದ್ದಕ್ಕೆ 45 ದಿನ ಬಡ್ಡಿ ಇಲ್ವಲ್ಲ" ಅಂತ ಯಜಮಾನರು ಹೇಳಿದ್ದಾಗಿ ಬರೆದಿದ್ದೀರಿ. ಆ ಅನುಕೂಲ ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ. ಹಳೆ ಬಾಕಿ ಉಳಿದಿದ್ದರೆ ಹೊಸ ದಿನಸಿಗೂ ಕೊಂಡ ದಿನದಿಂದಲೇ ಬಡ್ಡಿ. ನಿಮ್ಮ ಮನೆಯ ಅಕ್ಕಿ ಬೇಳೆಗೆ ಎರಡು ವರ್ಷದಿಂದ ಶೇ 42 ಬಡ್ಡಿ ಹೋಗುತ್ತಿದೆ!

ಬರೀ ಮಿನಿಮಮ್ ಕಟ್ಟುತ್ತಾ ಹೋದರೆ, ಕಾರ್ಡ್ ಮುಟ್ಟದಿದ್ದರೂ ಸಾಲ ಅರ್ಧಕ್ಕೆ ಇಳಿಯಲು ಐದು ವರ್ಷ ದಾಟುತ್ತದೆ. ಸಾಲ ಇಳಿದಂತೆ ಮಿನಿಮಮ್ಮೂ ಇಳಿಯುತ್ತದಲ್ಲ, ಅದಕ್ಕೆ. ಹೀಗೆ ಕಟ್ಟಿದರೆ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ಹಾಕಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಿಮ್ಮ ಬಿಲ್ಲಿನಲ್ಲೂ ಇದೆ, ಎರಡನೇ ಪುಟದ ಕೆಳಗೆ, ಇಂಗ್ಲಿಷಿನಲ್ಲಿ. ಹಾಸನದ ಅಂಗಡಿ ಗುಮಾಸ್ತರೊಬ್ಬರು ದುಡಿದು ದಣಿದು ಬಂದು ಅದನ್ನು ಓದುತ್ತಾರೆ ಎಂದು ಯಾರು ನಂಬುತ್ತಾರೆ? ಯಜಮಾನರನ್ನು ಬೈಯಬೇಡಿ. ತಾಯಿಗೆ ಆಪರೇಷನ್ ಮಾಡಿಸಿದರು, ಹೇಳಿದ ದುಡ್ಡು ತಪ್ಪದೆ ಕಟ್ಟಿದರು. ನಿಮ್ಮಿಂದ ಮುಚ್ಚಿಟ್ಟಿದ್ದು ಸರಿಯಲ್ಲ, ಅದನ್ನು ಅವರಿಗೆ ನೀವೇ ಹೇಳಿ.

ಸರದ ವಿಷಯಕ್ಕೆ ಬರುತ್ತೇನೆ. ಅಡ ಇಡಿ. ಇದು ನನ್ನ ಗಟ್ಟಿ ಅಭಿಪ್ರಾಯ.

24 ಗ್ರಾಂ ಚಿನ್ನಕ್ಕೆ ಈಗಿನ ದರದಲ್ಲಿ ಬ್ಯಾಂಕಿನಲ್ಲಿ 1,20,000 ಸಾಲ ಕಷ್ಟವಿಲ್ಲದೆ ಸಿಗುತ್ತದೆ. ಬೆಲೆಯ ಮುಕ್ಕಾಲು ಭಾಗದಷ್ಟು ಸಾಮಾನ್ಯವಾಗಿ ಕೊಡುತ್ತಾರೆ. ಬಡ್ಡಿ ವರ್ಷಕ್ಕೆ ಶೇ 12 ಎಂದೇ ಇಟ್ಟುಕೊಳ್ಳೋಣ. ಕೆಲವು ಬ್ಯಾಂಕುಗಳಲ್ಲಿ ಅದಕ್ಕೂ ಕಡಿಮೆ ಇದೆ. ಈಗ ಕಟ್ಟುತ್ತಿರುವ ಅದೇ 6,000ವನ್ನು ಈ ಸಾಲಕ್ಕೆ ಕಟ್ಟಿ. 23 ತಿಂಗಳಿಗೆ ಸಾಲ ಮುಗಿದು ಸರ ಕೈಗೆ ಬರುತ್ತದೆ. ಒಟ್ಟು ಕಟ್ಟುವುದು ಸುಮಾರು 1,35,000. ಕಾರ್ಡ್ ಸಾಲವನ್ನೇ ಇಟ್ಟುಕೊಂಡು, ಹೊಸದೇನೂ ಕೊಳ್ಳದೆ, ಪ್ರತಿ ತಿಂಗಳೂ 6,000ವನ್ನೇ ಕಟ್ಟಿದರೂ ಸುಮಾರು 43 ತಿಂಗಳು ಬೇಕು, ಕೈಬಿಡುವ ದುಡ್ಡು 2,60,000ದ ಹತ್ತಿರ. ಒಂದು ಲಕ್ಷಕ್ಕೂ ಮೇಲೆ ವ್ಯತ್ಯಾಸ. ಅದು ನಿಮ್ಮ ಹೊಲಿಗೆಯ ಒಂದು ವರ್ಷದ ದುಡಿಮೆ.

ಜನ ಏನಂತಾರೆ ಎಂಬ ಮಾತಿಗೆ ನನ್ನ ಉತ್ತರ ಇದೇ ಲೆಕ್ಕ. ಕಾರ್ಡ್ ಸಾಲ ಯಾರಿಗೂ ಕಾಣುವುದಿಲ್ಲ. ಬರಿ ಕೊರಳು ಎಲ್ಲರಿಗೂ ಕಾಣುತ್ತದೆ. ಹಾಗಂತ ಕಾಣದಿರುವುದಕ್ಕೆ ಲಕ್ಷ ರೂಪಾಯಿ ಕೊಡಬೇಕಾ? ನಮ್ಮಲ್ಲಿ ಅಜ್ಜಿಯರು ಮುಂಗಾರಿಗೆ ಬಳೆ ಅಡ ಇಟ್ಟು ಬಿತ್ತನೆಗೆ ದುಡ್ಡು ತರುತ್ತಿದ್ದರು, ಸುಗ್ಗಿಗೆ ಬಿಡಿಸಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಿಗೆ ಒಡವೆ ಹಾಕುವುದು ಇಂಥ ಕಾಲಕ್ಕೂ ಹೌದು. ನೆಂಟರ ಮದುವೆಗೆ ಒಂದೆಳೆ ಸರ ಹಾಕಿಕೊಂಡು ಹೋಗಿ, ಯಾರೂ ತೂಕ ಹಾಕುವುದಿಲ್ಲ.

ಮಾರಬೇಡಿ. ಮಾರಿದರೆ ಮಜೂರಿ, ವೇಸ್ಟೇಜ್ ಎಲ್ಲಾ ಹೋಯಿತು. ಮತ್ತೆ ಅಂಥದ್ದು ಮಾಡಿಸಲು ಈ ಸಂಬಳದಲ್ಲಿ ಆಗುವುದಿಲ್ಲ. ಆದರೆ ತಿಂಗಳಿಗೆ 6,000 ಖಂಡಿತ ಹೊಂದಿಸಲಾಗದು ಎನ್ನುವ ಪರಿಸ್ಥಿತಿ ಬಂದರೆ, ಅಡ ಇಟ್ಟದ್ದು ಹರಾಜಿಗೆ ಹೋಗುವುದಕ್ಕಿಂತ ನೀವೇ ಮಾರುವುದು ಮೇಲು.

ಸಾಲವನ್ನು ಬ್ಯಾಂಕಿನಲ್ಲೋ ಒಳ್ಳೆ ಹೆಸರಿನ ಸಹಕಾರಿ ಸಂಘದಲ್ಲೋ ತೆಗೆದುಕೊಳ್ಳಿ. "ನೂರಕ್ಕೆ ಎರಡು ರೂಪಾಯಿ" ಎನ್ನುವ ಗಿರವಿ ಅಂಗಡಿಯಲ್ಲಿ ವರ್ಷಕ್ಕೆ ಶೇ 24 ಆಯಿತು. ಗೋಲ್ಡ್ ಲೋನ್‌ಗಳಲ್ಲಿ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಪದ್ಧತಿಯೇ ಜಾಸ್ತಿ. ಅದು ನಿಮಗೆ ಬೇಡ. ಪ್ರತಿ ತಿಂಗಳು ಅಸಲಿಗೂ ಕಟ್ಟಬಹುದಾ, ಅದಕ್ಕೆ ದಂಡ ಇದೆಯಾ ಎಂದು ಮೊದಲೇ ಕೇಳಿ. ಸಂಬಳ ಬಂದ ದಿನವೇ ಕಟ್ಟಿಬಿಡಿ. ವರಮಹಾಲಕ್ಷ್ಮಿ, ದಸರಾ ಸಮಯದಲ್ಲಿ ಬ್ಲೌಸ್ ಜಾಸ್ತಿ ಬರುತ್ತವೆ ಅಂದಿದ್ದೀರಿ. ಆ ತಿಂಗಳು ಒಂದೆರಡು ಸಾವಿರ ಅಸಲಿಗೆ ಸೇರಿಸಿದರೆ ಇನ್ನೂ ಬೇಗ ಮುಗಿಯುತ್ತದೆ.

ಕಾರ್ಡ್ ಬಾಕಿ ಕಟ್ಟುವ ದಿನ ಒಂದು ಕೆಲಸ ಮರೆಯಬೇಡಿ. ಬಿಲ್ಲಿನ ಮೊತ್ತ ನೋಡಿ ಕಟ್ಟಿ ಕೈತೊಳೆದುಕೊಂಡರೆ ಆಗದು. ಬಿಲ್ ಬಂದ ದಿನದಿಂದ ನೀವು ಕಟ್ಟುವ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಕಟ್ಟಿಬಿಟ್ಟೆವಲ್ಲ ಎಂದು ಜನ ಅದನ್ನು ನೋಡುವುದೇ ಇಲ್ಲ. ಆ ಸಣ್ಣ ಮೊತ್ತಕ್ಕೆ ತಡಪಾವತಿ ಶುಲ್ಕ, ಅದಕ್ಕೆ ಜಿಎಸ್‌ಟಿ ಸೇರಿ ಆರು ತಿಂಗಳಲ್ಲಿ ಸಾವಿರಗಳಾಗುತ್ತವೆ. ಅದಕ್ಕೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಇವತ್ತಿಗೆ ಪೂರ್ತಿ ಮುಗಿಸಲು ಎಷ್ಟು ಎಂದು ಕೇಳಿ ಕಟ್ಟಿ. ಆಮೇಲೂ ಒಂದು ಬಿಲ್ ಕಾದು ನೋಡಿ.

ನಂತರ ಎರಡೂ ಕಾರ್ಡ್ ಕ್ಲೋಸ್ ಮಾಡಿಸಿ. ಕತ್ತರಿಸಿ ಬಿಸಾಕಿದರೆ ಸಾಲದು, ಬ್ಯಾಂಕಿಗೆ ಕೋರಿಕೆ ಕೊಡಬೇಕು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ಇಲ್ಲದಿದ್ದರೆ ತಡವಾದ ಪ್ರತಿ ದಿನಕ್ಕೆ ಬ್ಯಾಂಕೇ ನಿಮಗೆ 500 ರೂಪಾಯಿ ಕೊಡಬೇಕು. ಇದು 2022ರ ನಿಯಮ. ಒಂದನ್ನಾದರೂ ಇಟ್ಟುಕೊಳ್ಳೋಣ ಅಂತ ಯಜಮಾನರು ಹೇಳಬಹುದು. ಬೇಡ. ಅಡ ಇಟ್ಟು ಖಾಲಿ ಮಾಡಿದ ಕಾರ್ಡ್ ಮತ್ತೆ ತುಂಬಿದರೆ ಸರವೂ ಇಲ್ಲ, ಸಾಲವೂ ಎರಡು.

"ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ" ಎಂಬ ಫೋನ್ ಬಂದಿದೆ ಅಂದಿರಿ. ಕಟ್ಟುವ ದಾರಿ ಇರುವಾಗ ಅದಕ್ಕೆ ಹೋಗಬೇಡಿ. ಯಾರು ಸಾಲ ಹೇಗೆ ತೀರಿಸಿದರು ಎಂದು ದಾಖಲಿಸುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂದು ಕೂತುಬಿಡುತ್ತದೆ, ನಾಳೆ ಮಗಳ ಓದಿಗೆ ಸಾಲ ಕೇಳಿದಾಗ ಅಡ್ಡ ಬರುತ್ತದೆ. ಯಾರೇ ಆಗಲಿ ಅವರ ಸ್ವಂತ ಫೋನ್‌ಪೇ ನಂಬರಿಗೆ ಹಾಕಿ ಎಂದರೆ ಒಂದು ರೂಪಾಯಿಯೂ ಹಾಕಬೇಡಿ.

ಒಡವೆ ಇಲ್ಲದ ಓದುಗರೂ ಇದನ್ನು ಓದುತ್ತಿರುತ್ತಾರೆ. ಎಲ್‌ಐಸಿ ಪಾಲಿಸಿ ಹಳೆಯದಿದ್ದರೆ ಅದರ ಮೇಲೆ ಸಾಲ ಸಿಗುತ್ತದೆ. ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ ಅಲ್ಲಿ ಕೇಳಿ. ಎರಡೂ ಇಲ್ಲದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೇ ಬಾಕಿಯನ್ನು ಕಂತು ಮಾಡಿಕೊಡಿ ಎಂದು ಕೇಳಬಹುದು. ಬಡ್ಡಿ ಶೇ 42ರಿಂದ ಅರ್ಧಕ್ಕಿಂತ ಕೆಳಗೆ ಬರುವುದುಂಟು. ಪ್ರೊಸೆಸಿಂಗ್ ಫೀ, ಜಿಎಸ್‌ಟಿ ಸೇರಿಸಿ ಒಟ್ಟು ಎಷ್ಟಾಗುತ್ತದೆ ಎಂದು ಕೇಳಿಯೇ ಒಪ್ಪಿ. ಒಂದು ಕಾರ್ಡಿನಿಂದ ನಗದು ತೆಗೆದು ಇನ್ನೊಂದಕ್ಕೆ ಕಟ್ಟುವುದನ್ನು ಮಾತ್ರ ಮಾಡಲೇಬೇಡಿ. ನಗದಿಗೆ ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ ಬೇರೆ.

ಪತ್ರದ ಕೊನೆಯಲ್ಲಿ, ಕಾರ್ಡ್ ಇಲ್ಲದಿದ್ದರೆ ನಾಳೆ ಆಸ್ಪತ್ರೆ ಖರ್ಚು ಬಂದರೆ ಏನು ಗತಿ ಎಂದು ಕೇಳಿದ್ದೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ನಿಮ್ಮದು ಎಪಿಎಲ್ ಕಾರ್ಡ್. ಅದಕ್ಕೂ ಯೋಜನೆಯ ದರದಲ್ಲಿ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರ್ ಮಾಡಿಸಿಕೊಳ್ಳಬೇಕು. ಅತ್ತೆಯ ಇನ್ನೊಂದು ಮಂಡಿಗೂ ಆಪರೇಷನ್ ಬೇಕಾಗಬಹುದು ಎಂದು ಬರೆದಿದ್ದೀರಲ್ಲ, ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲಿ ಈಗಲೇ ವಿಚಾರಿಸಿ. ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 500ರ ಆರ್‌ಡಿ ಒಂದನ್ನೂ ಶುರು ಮಾಡಿ, ನಿಮ್ಮ ಹೆಸರಿನಲ್ಲಿ.

ರಾತ್ರಿ ಫೋನ್ ಬಗ್ಗೆ ಬ್ಯಾಂಕ್ ಕೊಡುವ ಉತ್ತರದ ನಕಲು ನಮಗೂ ಕಳಿಸಿ. ಕಾರ್ಡ್ ನಂಬರ್ ಅಳಿಸಿ ಕಳಿಸಿ. ಓಂಬುಡ್ಸ್‌ಮನ್‌ಗೆ ದೂರು ಬರೆಯಬೇಕಾಗಿ ಬಂದರೆ ಕೂತು ಬರೆದುಕೊಡುತ್ತೇವೆ.

– ಸಂಪಾದಕ